ನಾಯಿಯನ್ನು ಪಳಗಿಸುವುದು: ಸಂಘದಲ್ಲೋ, ಮನೆಯಲ್ಲೋ?



ಈ ಹೊತ್ತು ನಾನು ಮಾತನಾಡಬೇಕೆಂದಿರುವುದು ಎತ್ತಿನ ಬಗ್ಗೆ ಅಲ್ಲ, ಎಮ್ಮೆಯ ಬಗ್ಗೆಯೂ ಅಲ್ಲ. ಹಟ್ಟಿಯ ಬಾಗಿಲಲ್ಲಿ ಮಲಗಿದ್ದರೂ ಎಚ್ಚರವಾಗಿಯೇ ಇರುವ ನಾಯಿಯ ಬಗ್ಗೆ. ದನಕ್ಕೆ ಮೇವು, ಕೋಳಿಗೆ ಕಾಳು ಎಂದು ಲೆಕ್ಕ ಇಡುವ ನಾವು ನಾಯಿಯ ಲೆಕ್ಕ ಇಡುವುದಿಲ್ಲ. ಉಳಿದದ್ದನ್ನು ಹಾಕಿದರೆ ಸಾಕು, ತನ್ನ ಕೆಲಸ ತಾನೇ ಕಲಿಯುತ್ತದೆ ಎನ್ನುತ್ತೇವೆ. ಕೆಲವು ನಾಯಿಗಳು ಹಾಗೆ ಕಲಿಯುವುದೂ ಉಂಟು. ಆದರೆ ಕಲಿಯದೆ ಹೋದ ನಾಯಿಯಿಂದ ಆಗುವ ನಷ್ಟ ಸಣ್ಣದಲ್ಲ.

ಮುಧೋಳದ ಕಡೆಯ ಒಂದು ಕುರಿಹಟ್ಟಿಗೆ ನಾನು ಲಸಿಕೆ ಹಾಕಲು ಹೋಗಿದ್ದೆ. ಹಟ್ಟಿಯ ಯಜಮಾನರು ಎಪ್ಪತ್ತು ದಾಟಿದವರು. ಅವರ ಪಕ್ಕದಲ್ಲಿ ಮೊಮ್ಮಗ, ಮೊಮ್ಮಗನ ಕಾಲ ಬಳಿ ಎರಡು ತಿಂಗಳ ನಾಯಿಮರಿ. ಯಜಮಾನರು ಕೇಳಿದರು:

“ಡಾಕ್ಟರ್ ಸಾಹೇಬ್ರ, ನಾಯಿಗೂ ಸಾಲಿ ಬೇಕೇನ್ರೀ? ನಮ್ಮಪ್ಪ, ನಮ್ಮ ಮುತ್ತ್ಯಾ ಯಾವ ಸಾಲಿಗೆ ಕಳಿಸಿದ್ರು? ಇಂವ ನೋಡ್ರಿ, ಈ ಮರೀನ ಪ್ಯಾಟಿಗೆ ಕಳಿಸೂಣು ಅಂತಾನ.”

ಹುಡುಗ ಬಿಡಲಿಲ್ಲ. “ಹಂಗಲ್ಲ ಮುತ್ತ್ಯಾ, ಸಾಲ್ಯಾಗ ಕಲಿತ ನಾಯಿ ಹೇಳಿದಂಗ ಕೇಳತೈತಿ. ನಮ್ಮದು ಕರೆದ್ರ ತಿರುಗಿ ಸುದ್ದಾ ನೋಡಂಗಿಲ್ಲ.”

“ಹೋದ ವರ್ಷ ಕಳಿಸಿದ್ದು ಏನಾತು, ಅದನ್ನೂ ಹೇಳು ಸಾಹೇಬ್ರಿಗೆ” ಎಂದರು ಯಜಮಾನರು.

ಆದದ್ದು ಇಷ್ಟು. ಹಿಂದಿನ ವರ್ಷ ಒಂದು ಒಳ್ಳೆಯ ನಾಯಿಯನ್ನು ಪಟ್ಟಣದ ತರಬೇತುದಾರರೊಬ್ಬರ ಬಳಿ ಎರಡು ತಿಂಗಳು ಬಿಟ್ಟಿದ್ದರು. ಕೈಬಿಟ್ಟ ಹಣ ಎರಡು ಟಗರಿನ ಬೆಲೆ. ತರಬೇತುದಾರರ ಅಂಗಳದಲ್ಲಿ ಅದು ಕೂಡು ಎಂದರೆ ಕೂಡುತ್ತಿತ್ತು, ನಿಲ್ಲು ಎಂದರೆ ನಿಲ್ಲುತ್ತಿತ್ತು. ಊರಿಗೆ ಬಂದ ಮೂರನೆಯ ದಿನ ಹಿಂಡಿನೊಳಗೆ ನುಗ್ಗಿ ಕುರಿಗಳನ್ನು ಅಟ್ಟಾಡಿಸಿತು. ಹುಡುಗ ಕಲಿಸಿದ ಮಾತನ್ನೇ ಕೂಗಿ ಕೂಗಿ ಗಂಟಲು ಹರಿದುಕೊಂಡ, ನಾಯಿ ಕೇಳಲಿಲ್ಲ. ಗಬ್ಬದ ಕುರಿಗಳು ಎರಡು ಕಂದು ಹಾಕಿದವು. ನಾಯಿಯನ್ನು ಯಾರಿಗೋ ಕೊಟ್ಟುಬಿಟ್ಟರು.

ಹಾಗಾದರೆ ತಪ್ಪು ಯಾರದು? ನಾಯಿಯದೇ, ತರಬೇತುದಾರರದೇ, ಮನೆಯವರದೇ? ಇದನ್ನು ತಿಳಿಯಬೇಕಾದರೆ ನಾಯಿ ಹೇಗೆ ಕಲಿಯುತ್ತದೆ ಎಂಬುದನ್ನು ಮೊದಲು ನೋಡಬೇಕು.

ನಾಯಿ ಕಲಿಯುವ ಬಗೆ

ಒಂದನೆಯದಾಗಿ, ನಾಯಿ ಮಾತನ್ನು ಮಾತ್ರ ಕಲಿಯುವುದಿಲ್ಲ. ಆ ಮಾತಿನ ಜೊತೆಗೆ ಜಾಗ, ಹೇಳಿದ ಮನುಷ್ಯ, ಸುತ್ತಲಿನ ಸದ್ದು, ಎಲ್ಲವನ್ನೂ ಕೂಡಿಸಿ ಕಲಿಯುತ್ತದೆ. ಅಂಗಳದಲ್ಲಿ ಕಲಿತ ‘ಕೂಡು’ ಎಂಬುದು ಅದರ ಪಾಲಿಗೆ ಅಂಗಳದ ಮಾತು. ಹೊಲದಲ್ಲಿ, ಹಟ್ಟಿಯಲ್ಲಿ, ಸಂತೆಯ ಗದ್ದಲದಲ್ಲಿ ಅದೇ ಮಾತನ್ನು ಮತ್ತೆ ಮತ್ತೆ ಕಲಿಸಿದ ಮೇಲೆಯೇ ಅದು ಎಲ್ಲೆಡೆಯೂ ನಡೆಯುವ ಮಾತಾಗುತ್ತದೆ. ಆ ಹಟ್ಟಿಯ ನಾಯಿ ಕಲಿತಿತ್ತು, ನಿಜ. ಆದರೆ ಕುರಿಯ ಎದುರಿನಲ್ಲಿ ಕಲಿತಿರಲಿಲ್ಲ; ಆ ಹುಡುಗನ ಕೈಯಲ್ಲಿ ಕಲಿತಿರಲಿಲ್ಲ.

ಎರಡನೆಯದಾಗಿ, ನಾಯಿಗೆ ಹಿಂದಿನ ಲೆಕ್ಕ ಗೊತ್ತಾಗುವುದಿಲ್ಲ. ಮಾಡಿದ ಕೆಲಸಕ್ಕೂ ಸಿಕ್ಕಿದ ಫಲಕ್ಕೂ ನಡುವೆ ಒಂದೆರಡು ಸೆಕೆಂಡಿಗಿಂತ ಹೆಚ್ಚು ಅಂತರ ಇರಕೂಡದು. ಕರೆದಾಗ ಬಂದರೆ ಆ ಕ್ಷಣವೇ ರೊಟ್ಟಿ ಚೂರು ಕೊಡಿ, ತಲೆ ಸವರಿ. ಬೆಳಗ್ಗೆ ಕೋಳಿ ಹಿಡಿದದ್ದಕ್ಕೆ ಮಧ್ಯಾಹ್ನ ಹೊಡೆದರೆ ಅದಕ್ಕೆ ಏನೂ ತಿಳಿಯದು. ಅದಕ್ಕಿಂತ ಕೆಟ್ಟದ್ದೆಂದರೆ ‘ಬಾ’ ಎಂದು ಕರೆದು, ಬಂದ ಮೇಲೆ ಹೊಡೆಯುವುದು. ಅದರಿಂದ ನಾಯಿ ಕಲಿಯುವ ಪಾಠ ಒಂದೇ: ಕರೆದಾಗ ಹೋಗಬಾರದು.

ಮೂರನೆಯದಾಗಿ, ವಯಸ್ಸು. ಮರಿ ಹುಟ್ಟಿದ ಮೂರನೆಯ ವಾರದಿಂದ ಹೆಚ್ಚುಕಡಿಮೆ ಮೂರು ತಿಂಗಳು ತುಂಬುವವರೆಗೆ ಅದರ ಮನಸ್ಸಿನ ಬಾಗಿಲು ಪೂರ್ತಿ ತೆರೆದಿರುತ್ತದೆ. ಆ ಕಾಲದಲ್ಲಿ ಯಾರ ಜೊತೆ ಬೆಳೆಯಿತೋ ಅವರನ್ನು ತನ್ನವರೆಂದು ತಿಳಿಯುತ್ತದೆ. ಮಕ್ಕಳು, ಮುದುಕರು, ಕುರಿಮರಿ, ಕರು, ಕೋಳಿ, ಗಾಡಿ, ಟ್ರ್ಯಾಕ್ಟರಿನ ಸದ್ದು, ಇವನ್ನೆಲ್ಲ ಆಗಲೇ ಹೆದರಿಕೆಯಿಲ್ಲದೆ ತೋರಿಸಬೇಕು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆ ನಾಯಿಗೂ ಸಲ್ಲುತ್ತದೆ. ಬೆಳೆದ ನಾಯಿ ಕಲಿಯುವುದೇ ಇಲ್ಲವೆಂದಲ್ಲ; ಕಲಿಯುತ್ತದೆ, ಆದರೆ ಶ್ರಮ ಹೆಚ್ಚು.

ಈಗ ನೋಡಿ, ಮೂರು ತಿಂಗಳ ಒಳಗಿನ ಈ ದೊಡ್ಡ ಪಾಠವನ್ನು ಹೇಳಿಕೊಡುವವರು ಯಾರು? ಮನೆಯವರೇ. ಮರಿಗೆ ಲಸಿಕೆಗಳು ಪೂರ್ತಿ ಆಗುವ ಮುಂಚೆ ಹತ್ತಾರು ನಾಯಿಗಳು ಸೇರುವ ಜಾಗಕ್ಕೆ ಒಯ್ದರೆ ರಕ್ತಭೇದಿಯಂಥ ರೋಗ ಅಂಟುವ ಭಯವೂ ಇದೆ.

ಸಂಘ ಎಂಬುದು ಹೇಗೆ ಹುಟ್ಟಿತು?

ನಾಯಿ ಪಳಗಿಸುವವರ ಸಂಘ, ಕ್ಲಬ್ಬು ಎಂಬುದು ಪಟ್ಟಣದವರ ಶೋಕಿ ಎಂದು ನಮ್ಮಲ್ಲಿ ಅನೇಕರ ಭಾವನೆ. ಆದರೆ ಅದರ ಬೇರು ಕುರಿ ಕಾಯುವವರ ಗುಡ್ಡದಲ್ಲಿಯೇ ಇದೆ. ಬ್ರಿಟನ್ನಿನ ವೇಲ್ಸ್ ನಾಡಿನಲ್ಲಿ ಬಾಲಾ ಎಂಬ ಊರಿದೆ. 1873ನೆಯ ಇಸವಿ ಅಕ್ಟೋಬರ್ 9ರಂದು ಅಲ್ಲಿ ಕುರಿನಾಯಿಗಳ ಪಂದ್ಯ ನಡೆಯಿತು. ಟ್ವೀಡ್ ಎಂಬ ನಾಯಿ ಗೆದ್ದಿತು. ಮುಂದೆ 1906ರಲ್ಲಿ ಕುರಿನಾಯಿಗಳ ಅಂತರರಾಷ್ಟ್ರೀಯ ಸಂಘವೇ ಸ್ಥಾಪನೆಯಾಯಿತು. ಜರ್ಮನಿಯಲ್ಲಿ 1899ರಲ್ಲಿ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಎಂಬವರು ಅಲ್ಲಿನ ಕುರಿನಾಯಿಯ ತಳಿಗಾಗಿ ಸಂಘ ಕಟ್ಟಿದರು. ನಾವು ಪೊಲೀಸರ ಬಳಿ ನೋಡುವ ಅಲ್ಸೇಷಿಯನ್ ಎಂಬುದು ಆ ತಳಿಯೇ.

ಪಂದ್ಯದಲ್ಲಿ ಏನಿರುತ್ತದೆ? ದೂರದಲ್ಲಿ ನಾಲ್ಕೈದು ಕುರಿಗಳನ್ನು ಬಿಟ್ಟಿರುತ್ತಾರೆ. ಒಡೆಯ ಗೂಟದ ಬಳಿ ನಿಂತು ಸಿಳ್ಳು ಹಾಕುತ್ತಾನೆ. ನಾಯಿ ಬಳಸಿಕೊಂಡು ಹೋಗಿ, ಕುರಿಗಳ ಹಿಂದೆ ನಿಂತು, ಅವು ಬೆದರದಂತೆ ಅವನ ಕಡೆಗೆ ನಡೆಸಿಕೊಂಡು ಬಂದು, ಕೊನೆಗೆ ಸಣ್ಣ ದೊಡ್ಡಿಗೆ ಸೇರಿಸಬೇಕು. ಕಚ್ಚಿದರೆ ಸೋಲು. ಇಲ್ಲಿ ಗಮನಿಸಬೇಕಾದ ಮಾತು ಒಂದಿದೆ. ಆ ನಾಯಿ ಕಲಿತದ್ದು ಪಂದ್ಯದ ಬಯಲಿನಲ್ಲಿ ಅಲ್ಲ; ತನ್ನ ಮನೆಯ ಗುಡ್ಡದಲ್ಲಿ, ತನ್ನ ಒಡೆಯನ ಬಳಿ, ದಿನನಿತ್ಯದ ಕೆಲಸದಲ್ಲಿ. ಸಂಘ ಮಾಡಿದ್ದು ಪರೀಕ್ಷೆ. ಯಾರ ನಾಯಿ ಹೇಗೆ, ಯಾರ ಕೈ ಹೇಗೆ ಎಂದು ನಾಲ್ಕು ಜನ ನೋಡಿ, ಒಬ್ಬರಿಂದೊಬ್ಬರು ಕಲಿಯಲು ಅದು ಚಾವಡಿ ಆಯಿತು. ಮನೆ ಹೊಲ, ಸಂಘ ಕಣ. ಹೊಲದಲ್ಲಿ ಬೆಳೆಯದ್ದನ್ನು ಕಣದಲ್ಲಿ ರಾಶಿ ಮಾಡಲಾದೀತೇ?

ಸೈನ್ಯದವರು ಮಾಡುವುದೇನು?

“ಹಾಗಾದರೆ ಸೈನ್ಯದ ನಾಯಿಗಳು ಶಾಲೆಯಲ್ಲಿಯೇ ಕಲಿಯುತ್ತವಲ್ಲ?” ಎಂದು ನೀವು ಕೇಳಬಹುದು. ನಮ್ಮ ಮುಧೋಳದ ನಾಯಿಯ ಕಥೆಯನ್ನೇ ನೋಡೋಣ. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಬೆಳೆಸಿ ಹೆಸರುವಾಸಿ ಮಾಡಿದ ಈ ನೀಳಕಾಲಿನ ನಾಯಿಯ ಚಿತ್ರ 2005ರಲ್ಲಿ ಭಾರತದ ಅಂಚೆ ಚೀಟಿಯ ಮೇಲೆ ಬಂದಿತು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವು ಮುಧೋಳದ ಹತ್ತಿರ ತಿಮ್ಮಾಪುರದಲ್ಲಿದ್ದು, ತಳಿಯನ್ನು ಕಾಪಾಡುವ ಕೆಲಸ ಮಾಡುತ್ತಿದೆ. 2016ರಲ್ಲಿ ಸೈನ್ಯದವರು ಈ ತಳಿಯ ಮರಿಗಳನ್ನು ಮೀರತ್ತಿನ ತಮ್ಮ ಪಶುವೈದ್ಯ ದಳದ ಕೇಂದ್ರಕ್ಕೆ ತರಬೇತಿಗಾಗಿ ಒಯ್ದರು.

ಅಲ್ಲಿನ ಕ್ರಮದ ಗುಟ್ಟು ಇದು: ನಾಯಿಯೊಂದನ್ನೇ ಕಲಿಸುವುದಿಲ್ಲ, ನಾಯಿಯನ್ನೂ ಅದನ್ನು ನಡೆಸುವ ಮನುಷ್ಯನನ್ನೂ ಜೋಡಿಯಾಗಿ ಕಲಿಸುತ್ತಾರೆ. ಅದಕ್ಕೆ ಉಣಿಸುವವನು, ಮೈ ತಿಕ್ಕುವವನು, ಆಜ್ಞೆ ಕೊಡುವವನು ಒಬ್ಬನೇ. ಕೆಲಸಕ್ಕೆ ಹೋಗುವಾಗ ಆ ಜೋಡಿಯೇ ಹೋಗುತ್ತದೆ. ಮೇಲಾಗಿ, ಅಲ್ಲಿ ಕಲಿಸುವುದು ಅಲ್ಲಿನ ಕೆಲಸ; ಮದ್ದುಗುಂಡಿನ ವಾಸನೆ ಹಿಡಿಯುವುದು, ಜಾಡು ಹಿಡಿಯುವುದು. ನಮಗೆ ಬೇಕಾದದ್ದು ಹಟ್ಟಿಯ ಕಾವಲು. ಎಂದಮೇಲೆ, ನಾಯಿಯನ್ನು ಮಾತ್ರ ಬಿಟ್ಟು ಬಂದು, ಎರಡು ತಿಂಗಳ ನಂತರ ಹಗ್ಗ ಹಿಡಿದು ಕರೆತಂದರೆ, ಕಲಿತದ್ದು ಅರ್ಧ ಮಾತ್ರ. ಇನ್ನರ್ಧ ಕಲಿಯಬೇಕಾದವರು ನಾವೇ.

ನಮ್ಮ ನಾಯಿಗೆ ಯಾವ ಕೆಲಸ?

ಪಾಠ ಶುರುಮಾಡುವ ಮುಂಚೆ ಕೆಲಸವನ್ನು ಗೊತ್ತುಮಾಡಿಕೊಳ್ಳಿ. ಬ್ರಿಟನ್ನಿನ ನಾಯಿ ಕುರಿಗಳನ್ನು ಅಟ್ಟುವ ನಾಯಿ. ನಮ್ಮ ಕುರಿಗಾರರು ತಾವೇ ಹಿಂಡಿನ ಜೊತೆ ನಡೆಯುತ್ತಾರೆ, ತಾವೇ ಕೂಗು ಹಾಕಿ ತಿರುಗಿಸುತ್ತಾರೆ. ನಮಗೆ ಬೇಕಾದದ್ದು ಕಾಯುವ ನಾಯಿ. ತೋಳ ಬಂದಾಗ, ಕಳ್ಳರು ಬಂದಾಗ ಬೊಗಳಿ ಎಚ್ಚರಿಸಿ ಅಡ್ಡ ನಿಲ್ಲುವ ನಾಯಿ. ಈ ಎರಡು ಕೆಲಸ ಒಂದಕ್ಕೊಂದು ವಿರೋಧ. ಕುರಿಯ ಬೆನ್ನು ಹತ್ತುವ ಹುಮ್ಮಸ್ಸು ಅಟ್ಟುವ ನಾಯಿಗೆ ಬೇಕು, ಕಾಯುವ ನಾಯಿಗೆ ಇರಕೂಡದು.

ಮುಧೋಳದ ನಾಯಿಯಾದರೋ ಕಣ್ಣಿನಿಂದ ಬೇಟೆ ಹಿಡಿಯುವ ತಳಿ. ಓಡುವುದನ್ನು ಕಂಡರೆ ಓಡಬೇಕೆನಿಸುವುದು ಅದರ ಹುಟ್ಟುಗುಣ. ಹಿಂದಿನವರು ಮೊಲದ ಬೇಟೆಗೆ ಒಯ್ಯುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಈಗ ಅದು ಅಪರಾಧ. ಆದ್ದರಿಂದ ಇಂಥ ನಾಯಿಯನ್ನು ಹಟ್ಟಿಗೆ ತರುವವರು ಮೊದಲ ದಿನದಿಂದಲೇ ‘ಬಿಡು’ ಎಂಬ ಪಾಠಕ್ಕೆ ಹೆಚ್ಚು ಗಮನ ಕೊಡತಕ್ಕದ್ದು.

ಮನೆಯ ಪಾಠಗಳು

ಮರಿಯನ್ನು ಎಂಟು ವಾರಕ್ಕಿಂತ ಮುಂಚೆ ತಾಯಿಯಿಂದ ಅಗಲಿಸಬೇಡಿ. ತಂದ ಮೇಲೆ ಐದೇ ಪಾಠಗಳನ್ನು ಹಿಡಿಯಿರಿ. ಒಂದೊಂದು ಪಾಠ ಐದು ನಿಮಿಷ. ದಿನಕ್ಕೆ ಎರಡು ಮೂರು ಸಲ. ಊಟಕ್ಕೆ ಮುಂಚೆ, ಹಸಿವು ಇರುವಾಗ.

ಮೊದಲನೆಯದು ಹೆಸರು. ಹೆಸರು ಕರೆದಾಗ ತಿರುಗಿ ನೋಡಿದರೆ ಒಂದು ಚೂರು ರೊಟ್ಟಿ.

ಎರಡನೆಯದು ‘ಬಾ’. ಎರಡು ಹೆಜ್ಜೆ ದೂರದಿಂದ ಶುರುಮಾಡಿ, ಕ್ರಮೇಣ ಅಂಗಳದ ಆಚೆಗೆ, ಹೊಲದ ಬದುವಿಗೆ ಒಯ್ಯಿರಿ. ಕೊರಳಪಟ್ಟಿಗೆ ನಾಲ್ಕೈದು ಮಾರು ಉದ್ದದ ಹಗುರ ಹಗ್ಗ ಕಟ್ಟಿ, ತುದಿ ನಿಮ್ಮ ಕೈಯಲ್ಲಿರಲಿ. ಜಗ್ಗಬೇಡಿ, ದೂರ ಓಡದಂತೆ ತಡೆದರೆ ಸಾಕು.

ಮೂರನೆಯದು ‘ಕೂಡು’. ರೊಟ್ಟಿ ಚೂರನ್ನು ಮೂಗಿನ ಮೇಲಿಂದ ಹಿಂದಕ್ಕೆ ಒಯ್ದರೆ ತಲೆ ಮೇಲಾಗಿ ಹಿಂಭಾಗ ತಾನೇ ಕೆಳಗಾಗುತ್ತದೆ. ಕೂತ ಕ್ಷಣ ಮಾತು ಹೇಳಿ, ಚೂರು ಕೊಡಿ. ಬೆನ್ನು ಒತ್ತುವ ಕೆಲಸವಿಲ್ಲ.

ನಾಲ್ಕನೆಯದು ‘ಬಿಡು’. ಮುಚ್ಚಿದ ಮುಷ್ಟಿಯಲ್ಲಿ ಚೂರು ಹಿಡಿಯಿರಿ. ಮೂಸಿ, ಕೆರೆದು, ಕೊನೆಗೆ ಬೇಸತ್ತು ಮೂಗು ಹಿಂದೆಗೆದ ಕ್ಷಣ ‘ಬಿಡು’ ಎಂದು ಹೇಳಿ, ಬೇರೆ ಕೈಯಿಂದ ಚೂರು ಕೊಡಿ. ಇದು ಬಂದ ಮೇಲೆ ಚಪ್ಪಲಿ, ಆಮೇಲೆ ಕೋಳಿ, ಕೊನೆಗೆ ಕುರಿಮರಿ. ಪ್ರತಿ ಮೆಟ್ಟಿಲಲ್ಲೂ ಹಗ್ಗ ಕೈಯಲ್ಲಿರಲಿ.

ಐದನೆಯದು ಹಟ್ಟಿಯ ಪರಿಚಯ. ಮರಿಯನ್ನು ಶಾಂತ ಸ್ವಭಾವದ ಒಂದೆರಡು ಕುರಿಗಳ ಪಕ್ಕದಲ್ಲಿ, ನಡುವೆ ತಡಿಕೆ ಇಟ್ಟು ಮಲಗಿಸಿ. ಕುರಿಯ ವಾಸನೆ, ಸದ್ದು ಅದಕ್ಕೆ ಮನೆಯ ವಾಸನೆ, ಮನೆಯ ಸದ್ದು ಆಗಲಿ. ಆಮೇಲೆ ನೀವು ಎದುರಿಗಿದ್ದಾಗ ಮಾತ್ರ ಒಳಗೆ ಬಿಡಿ. ಸುಮ್ಮನೆ ಮಲಗಿದರೆ ಹೊಗಳಿ. ಆಟಕ್ಕೆ ಅಟ್ಟಲು ಹೋದರೆ ತಕ್ಷಣ ಹೊರಗೆ ತನ್ನಿ. ನಾಯಿ ಒಂದೂವರೆ ಎರಡು ವರ್ಷದ ತನಕ ಹುಡುಗಾಟದ್ದು. ಅಲ್ಲಿಯವರೆಗೆ ಹಿಂಡಿನ ಜೊತೆ ಅದೊಂದನ್ನೇ ಬಿಟ್ಟು ಹೋಗಬಾರದು.

ಇನ್ನೊಂದು ಮಾತನ್ನು ತಾಯಂದಿರೇ ಮನೆಯಲ್ಲಿ ನಡೆಸಿಕೊಡಬೇಕು. ಅಪ್ಪ ‘ಬಾ’ ಎನ್ನುವುದು, ಮಗ ‘ಕಮಾನ್’ ಎನ್ನುವುದು, ಅಜ್ಜ ಸಿಳ್ಳು ಹಾಕುವುದು, ಹೀಗಾದರೆ ನಾಯಿ ಯಾರ ಮಾತನ್ನು ಕೇಳಬೇಕು? ಮನೆಗೆಲ್ಲ ಒಂದೇ ಮಾತು ಇರಲಿ. ಅಡುಗೆಮನೆಗೆ ಬರಬಾರದೆಂದರೆ ಯಾರೂ ಬರಗೊಡಕೂಡದು. ಉಣ್ಣುವ ನಾಯಿಯನ್ನು, ಮರಿ ಹಾಕಿದ ನಾಯಿಯನ್ನು ಮಕ್ಕಳು ಕೆಣಕದಂತೆ ನೋಡಿಕೊಳ್ಳಿ.

ಮನೆಯಲ್ಲಿ ಸಿಗದೆ ಇರುವುದು

ಹಾಗೆಂದು ಮನೆಯ ಪಾಠವೇ ಸಾಕು ಎಂದು ನಾನು ಹೇಳುವುದಿಲ್ಲ. ಮನೆಯಲ್ಲಿ ಮೂರು ವಸ್ತುಗಳು ಸಿಗುವುದಿಲ್ಲ. ಒಂದು, ಹೊರಗಿನ ನಾಯಿ ಮತ್ತು ಹೊರಗಿನ ಜನ. ಒಂದೇ ಹಟ್ಟಿಯಲ್ಲಿ ಬೆಳೆದ ನಾಯಿ ಸಂತೆಗೆ ಹೋದಾಗ ಹೆದರುತ್ತದೆ. ಹೆದರಿದ ನಾಯಿ ಕಚ್ಚುತ್ತದೆ. ಎರಡು, ನಮ್ಮ ತಪ್ಪನ್ನು ತೋರಿಸುವ ಕಣ್ಣು. ನಾವು ಹಗ್ಗ ಜಗ್ಗುತ್ತೇವೆ, ಒಂದೇ ಮಾತನ್ನು ಹತ್ತು ಸಲ ಹೇಳುತ್ತೇವೆ, ಚೂರು ತಡವಾಗಿ ಕೊಡುತ್ತೇವೆ. ನಮಗೆ ತಿಳಿಯುವುದಿಲ್ಲ, ಪಕ್ಕದಲ್ಲಿ ನಿಂತವರಿಗೆ ತಿಳಿಯುತ್ತದೆ. ಮೂರು, ನೇಮ. ಇಂತಿಂಥ ದಿನ ಹೋಗಬೇಕು ಎಂದಿದ್ದರೆ ಪಾಠ ತಪ್ಪುವುದಿಲ್ಲ. ಮನೆಯಲ್ಲಿ ಸುಗ್ಗಿ ಬಂತು, ಮದುವೆ ಬಂತು, ಪಾಠ ನಿಂತಿತು.

ಈ ಮೂರನ್ನೂ ಕೊಡುವುದೇ ಸಂಘದ ಕೆಲಸ. ಬೆಂಗಳೂರು, ಮೈಸೂರುಗಳಲ್ಲಿ ಇಂಥ ಸಂಘಗಳಿವೆ, ತರಗತಿಗಳಿವೆ. ಹಳ್ಳಿಯವರಿಗೆ ಅವು ದೂರ. ಆದರೆ ಸಂಘಕ್ಕೆ ಕಟ್ಟಡ ಬೇಕೇ? ಊರಿನ ಐದಾರು ಮನೆಯವರು, ನಾಯಿ ಇರುವವರು, ವಾರಕ್ಕೊಮ್ಮೆ ಸಂಜೆ ಕಣದಲ್ಲೋ ಊರ ಮುಂದಿನ ಬಯಲಿನಲ್ಲೋ ಸೇರಿರಿ. ಎಲ್ಲ ನಾಯಿಗಳೂ ಹಗ್ಗದಲ್ಲಿರಲಿ. ಒಂದಕ್ಕೊಂದು ಹತ್ತು ಮಾರು ದೂರವಿರಲಿ. ಒಬ್ಬೊಬ್ಬರೇ ತಮ್ಮ ನಾಯಿಯನ್ನು ಕರೆಯಲಿ, ಕೂಡಿಸಲಿ; ಉಳಿದವರು ನೋಡಿ ತಪ್ಪು ಹೇಳಲಿ. ವಾರ ಕಳೆದಂತೆ ದೂರವನ್ನು ಕಡಿಮೆ ಮಾಡಿ. ಲಸಿಕೆ ಆಗದ ನಾಯಿಯನ್ನು, ಬೆದೆಗೆ ಬಂದ ಹೆಣ್ಣುನಾಯಿಯನ್ನು, ಕಜ್ಜಿ ಭೇದಿ ಇರುವುದನ್ನು ತರಬಾರದು. ಆರು ದಿನ ಮನೆ, ಒಂದು ದಿನ ಬಯಲು, ಇಷ್ಟೇ ಲೆಕ್ಕ.

ಮನುಷ್ಯರನ್ನು ಕಚ್ಚಿದ ನಾಯಿ, ಕುರಿಯ ರಕ್ತದ ರುಚಿ ನೋಡಿದ ನಾಯಿ, ವಿಪರೀತ ಹೆದರುವ ನಾಯಿ, ಇವುಗಳಿಗೆ ಮಾತ್ರ ಬಲ್ಲವರೇ ಬೇಕು. ತರಬೇತುದಾರರ ಬಳಿ ಹೋದಾಗ ಮೂರು ಮಾತು ಕೇಳಿ. ಪಾಠದ ಹೊತ್ತಿಗೆ ನಾನೂ ಇರಬಹುದೇ? ನನ್ನ ಹಟ್ಟಿಗೆ ಬಂದು ತೋರಿಸುವಿರಾ? ನಾಯಿ ತಪ್ಪಿದರೆ ಏನು ಮಾಡುವಿರಿ? “ನೀವು ಬರಬೇಡಿ, ಬಿಟ್ಟು ಹೋಗಿ” ಎಂದರೆ, ಇಲ್ಲವೆ ಹೊಡೆತದ ಮಾತು ಬಂದರೆ, ನಾಯಿಯನ್ನು ಕರೆದುಕೊಂಡು ವಾಪಸು ಬನ್ನಿ. ಪ್ರಾಣಿಗೆ ವಿನಾಕಾರಣ ನೋವು ಕೊಡುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಲ್ಲಿ ಅಪರಾಧ. ಗಿಡ್ಡ ಸರಪಳಿಯಲ್ಲಿ ಹಗಲಿರುಳು ಕಟ್ಟಿಹಾಕುವುದೂ ಅದೇ ಸಾಲಿಗೆ ಸೇರಿದ್ದು.

ಆರೋಗ್ಯ ಇಲ್ಲದೆ ಪಾಠವಿಲ್ಲ

ಮೂರು ತಿಂಗಳು ತುಂಬಿದಾಗ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ; ಆಮೇಲೆ ಪಶುವೈದ್ಯರು ಹೇಳಿದ ಕಾಲಕ್ಕೆ ತಪ್ಪದೆ ಮತ್ತೆ ಹಾಕಿಸುತ್ತಾ ಬನ್ನಿ. ಈ ರೋಗ ಕಾಣಿಸಿಕೊಂಡ ಮೇಲೆ ಮದ್ದಿಲ್ಲ. ಯಾವ ನಾಯಿ ಕಚ್ಚಿದರೂ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ. ಸುಣ್ಣ, ಖಾರ, ಸೊಪ್ಪಿನ ರಸ ಹಚ್ಚುತ್ತಾ ಕೂರಬೇಡಿ.

ಕುರಿ ಕೊಯ್ದಾಗ, ಕುರಿ ಸತ್ತಾಗ, ಅದರ ತಲೆ, ಶ್ವಾಸಕೋಶ, ಪಿತ್ತಜನಕಾಂಗಗಳನ್ನು ಹಸಿಯಾಗಿ ನಾಯಿಗೆ ಎಸೆಯಬಾರದು. ಅದರಿಂದ ನಾಯಿಯ ಹೊಟ್ಟೆಯಲ್ಲಿ ಲಾಡಿಹುಳು ಬೆಳೆದು, ಅದರ ಮೊಟ್ಟೆ ಸಗಣೆಯ ಮೂಲಕ ಹುಲ್ಲಿಗೆ ಸೇರಿ, ಮತ್ತೆ ಕುರಿಯ ಹೊಟ್ಟೆಗೆ ಹೋಗುತ್ತದೆ. ಕುರಿ ಒಂದೇ ಕಡೆಗೆ ಗಿರಿಗಿರಿ ಸುತ್ತಿ ಸಾಯುವ ರೋಗ ಬರುವುದು ಹೀಗೆಯೇ. ಇನ್ನೊಂದು ಬಗೆಯ ಹುಳುವಿನ ಮೊಟ್ಟೆ ಮನುಷ್ಯರ ಪಿತ್ತಜನಕಾಂಗದಲ್ಲಿ ನೀರುಗುಳ್ಳೆ ಮಾಡುತ್ತದೆ. ಕಾಲಕಾಲಕ್ಕೆ ನಾಯಿಗೆ ಜಂತಿನ ಔಷಧ ಕೊಡಿಸಿ. ನಾಯಿ ಮುಟ್ಟಿದ ಮಕ್ಕಳು ಕೈ ತೊಳೆದು ಉಣ್ಣಲಿ.

ಆ ಹಟ್ಟಿಯಲ್ಲಿ ನಾನು ಇದನ್ನೇ ಹೇಳಿದೆ. ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಅಂದ್ರ ಸಾಹೇಬ್ರ, ಸಾಲಿ ನಾಯಿಗಲ್ಲ, ನಮಗ ಬೇಕಾಗಿತ್ತು ಅನ್ರಿ.” ಮೊಮ್ಮಗ ನಕ್ಕ. ಮತ್ತೆ ಆರು ತಿಂಗಳಿಗೆ ಹೋದಾಗ ಆ ಮರಿ ಬೆಳೆದು ತಡಿಕೆಯ ಪಕ್ಕ ಮಲಗಿತ್ತು. ಹುಡುಗ ದೂರದಿಂದ ‘ಬಾ’ ಎಂದ. ಕುರಿಗಳ ನಡುವಿನಿಂದ, ಒಂದನ್ನೂ ಬೆದರಿಸದೆ, ಅದು ನಡೆದು ಬಂತು. ಯಜಮಾನರು ಕಂಬಳಿಯ ಗಂಟಿನಿಂದ ರೊಟ್ಟಿಯ ಚೂರು ತೆಗೆದು ತಾವೇ ಕೊಟ್ಟರು.

ನಾಯಿಯ ಬಾಲ ಡೊಂಕು ಎಂಬ ಗಾದೆ ಬಾಲದ ಮಟ್ಟಿಗೆ ನಿಜವಿರಬಹುದು. ನಾಯಿಯ ನಡತೆಯ ಡೊಂಕನ್ನು ತಿದ್ದುವುದು ನಮ್ಮ ಕೈಯಲ್ಲೇ ಇದೆ. ಮನೆಯಲ್ಲಿ ಕಲಿಸಿ, ನಾಲ್ಕು ಜನರ ಮುಂದೆ ತಿದ್ದಿಕೊಳ್ಳಿ. ಈ ವಾರವೇ ನಿಮ್ಮ ನೆರೆಯವರನ್ನು ಕೇಳಿ, ಯಾವ ಸಂಜೆ ಬಯಲಿಗೆ ಬರುತ್ತೀರಿ ಎಂದು.